ಸ್ಟೇ ವೈರು ಬಿಗಿದ ಮೇಲಿನ ಒಂಬತ್ತು ತಿಂಗಳು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಜಾತ್ರೆಗಳು ಶುರುವಾದವೆಂದರೆ ನಿಮ್ಮ ಪತ್ರಿಕೆಯ ಹಾವೇರಿ ಪುಟದಲ್ಲಿ ವಾರಕ್ಕೊಂದಾದರೂ ಹೊನಲು ಬೆಳಕಿನ ಕಬಡ್ಡಿಯ ಫೋಟೊ ಇರುತ್ತದೆ. ಕಪ್ಪು ಹಿಡಿದವರು, ಶಾಲು ಹೊದ್ದವರು, ಹಿಂದಿನಿಂದ ಇಣುಕುವ ಹುಡುಗರು. ಬಹಳ ವರ್ಷದ ಹಿಂದೆ ಅಂಥದೊಂದು ಫೋಟೊದಲ್ಲಿ ನಾನೂ ಇದ್ದೆ, ಎಡದಿಂದ ಮೂರನೆಯವ. ಆ ತುಣುಕು ಈಗಲೂ ನಮ್ಮ ಮನೆಯ ಕಪಾಟಿನ ಗಾಜಿಗೆ ಅಂಟಿಕೊಂಡಿದೆ. ಅದೇ ಅಂಕಣದಿಂದ ಮೊಣಕಾಲಿನ ಲಿಗಮೆಂಟ್ ಹರಿದು ಇಬ್ಬರ ಹೆಗಲಿಗೆ ಕೈ ಹಾಕಿ ಕುಂಟುತ್ತ ಹೊರಬಂದವನ ಫೋಟೊ ಮಾತ್ರ ನಾನು ನೋಡಿಲ್ಲ. ಫೋಟೊ ಬೇಡ, ಅವನ ಸುದ್ದಿ ಒಂದು ಸಲವಾದರೂ ಬರಲಿ ಅಂತ ಈ ಪತ್ರ. ಉದ್ದವಾಗಿದೆ. ಕತ್ತರಿ ಹಾಕುವುದಿದ್ದರೆ ಕಬಡ್ಡಿಯ ಭಾಗಕ್ಕೆ ಹಾಕಿ, ವ್ಯಾಯಾಮದ ಭಾಗಕ್ಕೆ ಬೇಡ.

ನಾನು ಈ ಜಿಲ್ಲೆಯ ಒಂದು ಹಳ್ಳಿಯವನು, ಕರೆಂಟಿನ ಕೆಲಸ. ಕಾಗದದ ಮೇಲೆ ಈಗ ಪವರ್‌ಮ್ಯಾನ್ ಅಂತ ಬರೆಯುತ್ತಾರೆ, ಊರವರ ಬಾಯಲ್ಲಿ ನಾವು ಲೈನ್‌ಮನ್ನರೇ. ಈ ನೌಕರಿಗೆ ಸೇರಬೇಕಾದರೆ 8 ಮೀಟರ್ ಕಂಬ ಹತ್ತಿ ತೋರಿಸಬೇಕು. ಓಟ, ಸ್ಕಿಪ್ಪಿಂಗ್, ಗುಂಡು ಎಸೆತ ಇವೆಲ್ಲ ಇದ್ದರೂ ಕಂಬ ಹತ್ತದವನಿಗೆ ಕೆಲಸ ಇಲ್ಲ. ಹೀಗೆ ಕಾಲು ತೋರಿಸಿಯೇ ನೌಕರಿ ತಗೊಂಡವನು ನಾನು. ಆ ಕಾಲನ್ನು ಒಂದು ರಾತ್ರಿ ಪಕ್ಕದೂರಿನ ಜಾತ್ರೆಯಲ್ಲಿ ಕಳಕೊಂಡೆ. ಆಗ ನನಗೆ 34. ಆ ವಯಸ್ಸಿಗೆ ಕಬಡ್ಡಿ ಬೇಕಿತ್ತಾ ಅಂತ ನಮ್ಮ ಮನೆಯವರು ಇವತ್ತಿಗೂ ಕೇಳುತ್ತಾರೆ. ಉತ್ತರ ಇಲ್ಲ.

ದಾಳಿಗೆ ಹೋಗಿದ್ದೆ. ಬೋನಸ್ ಗೆರೆ ದಾಟಿ ಹೊಳ್ಳಿದೆ. ಎಡಗಾಲು ನೆಲಕ್ಕೆ ಊರಿತ್ತು, ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಯಾರೂ ನನ್ನನ್ನು ಹಿಡಿದಿರಲಿಲ್ಲ, ಹತ್ತಿರವೂ ಇರಲಿಲ್ಲ. ಒಣಗಿದ ಹತ್ತಿಕಟಿಗಿ ಮುರಿದಂಥ ಸಪ್ಪಳ ಒಳಗಿನಿಂದ ಬಂತು. ನನಗಷ್ಟೇ ಅಲ್ಲ, ಗೆರೆ ಪಕ್ಕ ಕೂತಿದ್ದವರಿಗೂ ಕೇಳಿತಂತೆ. ತೆವಳಿಕೊಂಡು ನಡುಗೆರೆ ಮುಟ್ಟಿದೆ, ಪಾಯಿಂಟ್ ಕೊಟ್ಟರು. ಮನೆ ಮುಟ್ಟುವಷ್ಟರಲ್ಲಿ ಮೊಣಕಾಲು ಸಿಪ್ಪೆ ಸಮೇತ ತೆಂಗಿನಕಾಯಿ ಆಗಿತ್ತು.

ಹೀಗೆ ಸಪ್ಪಳ ಬಂದು ಎರಡು–ಮೂರು ತಾಸಿನೊಳಗೆ ಬಾವು ಬಂತೆಂದರೆ ಕೀಲಿನೊಳಗೆ ರಕ್ತ ತುಂಬಿದೆ, ಲಿಗಮೆಂಟ್ ಹರಿದಿರುವ ಸಂಭವ ಹೆಚ್ಚು. ಇದನ್ನು ನಾನು ಕಲಿತದ್ದು ಒಂದು ವರ್ಷ ತಡವಾಗಿ. ಆ ರಾತ್ರಿ ನಮ್ಮವ್ವ ಹೇಳಿದ್ದು, ‘ಉಳುಕೇತಿ, ತಿಕ್ಕಿಸಿದ್ರ ಹೊಕ್ಕೇತಿ.’ ಮರುದಿನ ಉಳುಕು ತೆಗೆಯುವ ಹಿರಿಯರ ಮುಂದೆ ಕಾಲು ಚಾಚಿದೆ. ಎಣ್ಣೆ ಹಚ್ಚಿ ಮೂರು ದಿನ ತಿಕ್ಕಿದರು. ಅವರನ್ನು ಬೈಯಲು ನಾನು ಬರೆಯುತ್ತಿಲ್ಲ. ಅವರು ಕರೆಯದಿದ್ದರೂ ಹೋದವನು ನಾನೇ, ದುಡ್ಡನ್ನೂ ಅವರು ಕೇಳಲಿಲ್ಲ. ಆದರೆ ರಕ್ತ ತುಂಬಿದ ಕೀಲನ್ನು ತಿಕ್ಕಬಾರದು. ಬಟ್ಟೆಯಲ್ಲಿ ಸುತ್ತಿದ ಬರ್ಫ, ಕ್ರೇಪ್ ಪಟ್ಟಿ, ಕಾಲು ಎತ್ತರಕ್ಕೆ, ಭಾರ ಹಾಕದೆ ವಿಶ್ರಾಂತಿ, ಮೊದಲ ದಿನಕ್ಕೆ ಇಷ್ಟೇ ಸಾಕು.

ನಾಲ್ಕನೆಯ ದಿನ ಎಕ್ಸ್‌ರೇ ಆಯಿತು. ‘ಎಲುಬು ಮುರಿದಿಲ್ಲ, ಏನೂ ಆಗಿಲ್ಲ’ ಅಂದರು. ಎಲುಬು ಮುರಿದಿರಲಿಲ್ಲ, ಅದು ಖರೆ. ಏನೂ ಆಗಿಲ್ಲ ಅನ್ನುವುದು ಮಾತ್ರ ಖರೆ ಅಲ್ಲ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಎಲುಬನ್ನು ಎಲುಬಿಗೆ ಬಿಗಿದ ಲಿಗಮೆಂಟ್ ಕಾಣುವುದಿಲ್ಲ. ಆ ಒಂದು ಮಾತಿನ ಮೇಲೆ 14 ತಿಂಗಳು ಕಳೆದೆ.

ಮೂರು ವಾರಕ್ಕೆ ಬಾವು ಇಳಿಯಿತು, ತಿಂಗಳಿಗೆ ನೋವು ಹೋಯಿತು. ನೆಟ್ಟಗೆ ನಡೆದರೆ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದದ್ದು ತಿರುಗುವಾಗ. ಟ್ರ್ಯಾಕ್ಟರ್ ಟ್ರೇಲರಿನಿಂದ ಜಿಗಿದಾಗ ಒಮ್ಮೆ, ಮಳೆ ಬಿದ್ದ ಎರಿಹೊಲದ ಬದುವಿನ ಮೇಲೆ ಒಮ್ಮೆ, ಮದುವೆ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಹೊಳ್ಳುವಾಗ ಒಮ್ಮೆ. ಕೆಳಗಿನ ಕಾಲು ಒಂದು ಕಡೆ, ತೊಡೆ ಇನ್ನೊಂದು ಕಡೆ ಹೋದಂತೆ ಆಗಿ ಧೊಪ್ಪನೆ ಕೂತುಬಿಡುತ್ತಿದ್ದೆ. ಎದ್ದು ನಗುತ್ತಿದ್ದೆ, ನಕ್ಕಿದ್ದಕ್ಕೆ ಉಳಿದವರೂ ನಗುತ್ತಿದ್ದರು. ಕಡೆಗೊಂದು ದಿನ, ಗಾಳಿ–ಮಳೆ ಬಂದುಹೋದ ಸಂಜೆ, ಕಂಬದ ಮೇಲೆ ಜಂಪರ್, ಅಂದರೆ ಎರಡು ತಂತಿ ಜೋಡಿಸುವ ತುಂಡು, ಕಟ್ಟುತ್ತಿದ್ದಾಗ ಎಡ ಮೊಣಕಾಲು ಜಾರಿತು. ಬೆಲ್ಟ್ ಹಾಕಿದ್ದೆ. ಹಾಕಿರದಿದ್ದರೆ ನಿಮ್ಮ ಪತ್ರಿಕೆಯಲ್ಲಿ ನನ್ನ ಸುದ್ದಿ ಬೇರೆ ಪುಟದಲ್ಲಿ ಬರುತ್ತಿತ್ತು.

ಹುಬ್ಬಳ್ಳಿಗೆ ಹೋದೆ. ಅಲ್ಲಿನ ಎಲುಬಿನ ಡಾಕ್ಟರು ಹಳೆಯ ಎಕ್ಸ್‌ರೇ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಂಗಾತ ಮಲಗಿಸಿದರು. ಮೊಣಕಾಲನ್ನು ತುಸು ಮಡಚಿಸಿ, ಒಂದು ಕೈಯಲ್ಲಿ ತೊಡೆ ಗಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಮೀನಖಂಡದ ಮೇಲ್ತುದಿ ಹಿಡಿದು ಮುಂದಕ್ಕೆ ಎಳೆದರು. ಬಲಗಾಲಿನಲ್ಲಿ ಎಳೆದರೆ ಟಕ್ಕನೆ ತಡೆದಂತೆ ನಿಲ್ಲುತ್ತಿತ್ತು. ಎಡಗಾಲಿನಲ್ಲಿ ನಿಲ್ಲಲೇ ಇಲ್ಲ, ಅರ್ಧ ಬೆರಳಿನಷ್ಟು ಮೆತ್ತಗೆ ಮುಂದೆ ಬಂತು. ‘ನೋಡಿದ್ಯಾ?’ ಅಂದರು. ನೋಡಿದೆ. ನನ್ನ ಕಾಲು ನನ್ನದೇ ಕಣ್ಣೆದುರಿಗೆ ಸಡಿಲಾಗಿ ಬಂದದ್ದು ನೋಡಿ ಹೊಟ್ಟೆ ತೊಳಸಿದಂತಾಯಿತು. ಇದಕ್ಕೆ ಲಾಚ್‌ಮನ್ ಪರೀಕ್ಷೆ ಅನ್ನುತ್ತಾರಂತೆ. ಮಷಿನ್ ಬೇಡ, ಕರೆಂಟ್ ಬೇಡ, ಅರ್ಧ ನಿಮಿಷದ ಕೆಲಸ. ಈ ಅರ್ಧ ನಿಮಿಷವನ್ನು 14 ತಿಂಗಳ ಹಿಂದೆ ಯಾರಾದರೂ ಕೊಟ್ಟಿದ್ದರೆ! ಆಮೇಲೆ ಮಾಡಿಸಿದ ಎಂಆರ್‌ಐ ಅದನ್ನೇ ಹೇಳಿತು, ಜೊತೆಗೊಂದು ಕೆಟ್ಟ ಸುದ್ದಿಯನ್ನೂ ಸೇರಿಸಿತು. ಎಸಿಎಲ್ ಪೂರಾ ಹರಿದಿತ್ತು. ಕಾಲು ಮತ್ತೆ ಮತ್ತೆ ಜಾರಿದ್ದರಿಂದ ಎರಡು ಎಲುಬಿನ ನಡುವಿನ ಗಾದಿಯೂ ಹರಿದಿತ್ತು. ಮೆನಿಸ್ಕಸ್ ಅನ್ನುತ್ತಾರಲ್ಲ, ಅದು.

ಎಸಿಎಲ್ ಅಂದರೆ ಏನೆಂದು ಡಾಕ್ಟರು ಪ್ಲಾಸ್ಟಿಕ್ ಮೊಣಕಾಲು ಹಿಡಿದು ಹೇಳಿದರು. ತೊಡೆಯ ಎಲುಬಿನ ಹಿಂಭಾಗದಿಂದ ಹೊರಟು ಕೆಳಗಿನ ಎಲುಬಿನ ಮುಂಭಾಗಕ್ಕೆ ಓರೆಯಾಗಿ ಬಿಗಿದ ಹುರಿ. ಕೆಳಗಿನ ಎಲುಬು ಮುಂದೆ ಜಾರದಂತೆ, ತಿರುಗುವಾಗ ಕೀಲು ತಪ್ಪದಂತೆ ಹಿಡಿದಿರುತ್ತದೆ. ‘ಹಂಗಾರ ಸ್ಟೇ ವೈರ್ ಅನ್ರಿ ಸರ್’ ಅಂದೆ. ಅವರಿಗೆ ಸ್ಟೇ ವೈರ್ ಅಂದರೇನು ಅಂತ ನಾನು ಹೇಳಿದೆ, ಅವರಿಗೆ ಖುಷಿಯಾಯಿತು.

ಓದುಗರಿಗೂ ಹೇಳಿಬಿಡುತ್ತೇನೆ. ಕಂಬ ವಾಲದಂತೆ ಅದರ ಮೇಲಿನಿಂದ ಓರೆಯಾಗಿ ನೆಲಕ್ಕೆ ಬಿಗಿದ ತಂತಿಯೇ ಸ್ಟೇ. ನೆಟ್ಟಗೆ ಹೋಗುವ ಲೈನಿನ ನಡುವಿನ ಕಂಬಕ್ಕೆ ಸ್ಟೇ ಇಲ್ಲದಿದ್ದರೂ ನಡೆಯುತ್ತದೆ, ಎರಡೂ ಕಡೆಯ ತಂತಿ ಅದನ್ನು ಹಿಡಿದಿರುತ್ತವೆ. ಲೈನು ತಿರುಗುವ ಮೂಲೆಯ ಕಂಬಕ್ಕೆ, ಲೈನು ಮುಗಿಯುವ ಕೊನೆಯ ಕಂಬಕ್ಕೆ ಸ್ಟೇ ಬೇಕೇ ಬೇಕು. ಇಲ್ಲದಿದ್ದರೆ ಇವತ್ತಲ್ಲ ನಾಳೆ ವಾಲುತ್ತದೆ. ಮೊಣಕಾಲಿನದೂ ಇದೇ ಲೆಕ್ಕ. ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೂ ಇದೇ: ‘ಎಲ್ಲಾರಿಗೂ ಆಪರೇಷನ್ ಬೇಕಂತಿಲ್ಲಪಾ. ನಿನ್ನ ಕೆಲಸ ಏನು?’

ಈ ಪ್ರಶ್ನೆ ಕೇಳುವ ಡಾಕ್ಟರು ಸಿಕ್ಕರೆ ಪುಣ್ಯ. ಯಾಕೆಂದರೆ ನಮ್ಮ ಕಡೆ ಎರಡೇ ಮಾತು ಓಡಾಡುತ್ತವೆ. ಒಂದು, ‘ಕತ್ತರಿ ಹಾಕಿಸಿದ್ರ ಕಾಲು ಹೋದಂಗ.’ ಇನ್ನೊಂದು, ‘ಲಿಗಮೆಂಟ್ ಕಟ್ ಆತಂದ್ರ ಆಪರೇಷನ್ನೇ ಗತಿ.’ ಎರಡೂ ಸುಳ್ಳು. ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಮಂದಿ ಚುರುಕಿನ ಪ್ರಾಯದವರನ್ನು ಎರಡು ಗುಂಪು ಮಾಡಿ ನೋಡಿದ್ದಾರೆ, ಅದರ ಫಲಿತಾಂಶ 2010ರಲ್ಲಿ ಬಂತು. ಒಂದು ಗುಂಪಿಗೆ ಬೇಗನೆ ಆಪರೇಷನ್ ಮಾಡಿ ವ್ಯಾಯಾಮ, ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಆಪರೇಷನ್. ಎರಡು ವರ್ಷದ ಕೊನೆಗೆ ಎರಡೂ ಗುಂಪಿನವರ ಕಾಲು ಹೆಚ್ಚುಕಡಿಮೆ ಒಂದೇ ಆಗಿತ್ತು. ವ್ಯಾಯಾಮದ ಗುಂಪಿನ 59 ಮಂದಿಯಲ್ಲಿ 23 ಮಂದಿ ಅಷ್ಟರಲ್ಲಿ ಆಪರೇಷನ್ನಿಗೆ ಹೋಗಿದ್ದರು, ಐದು ವರ್ಷಕ್ಕೆ ಆ ಸಂಖ್ಯೆ ಅರ್ಧ ಮುಟ್ಟಿತು. ಇನ್ನರ್ಧ ಮಂದಿ ಕತ್ತರಿ ಇಲ್ಲದೆಯೇ ನಡೆಸಿಕೊಂಡರು. ದಿನಾ ಕುರ್ಚಿಯಲ್ಲಿ ಕೂತು ಕೆಲಸ ಮಾಡಿ ಸಂಜೆ ವಾಕಿಂಗ್ ಹೋಗುವವರು ನಡುವಿನ ಕಂಬ, ತೊಡೆಯ ಸ್ನಾಯು ಗಟ್ಟಿ ಮಾಡಿಕೊಂಡರೆ ಸಾಕಾಗಬಹುದು. ಬದಿಯ ಲಿಗಮೆಂಟ್, ಎಂಸಿಎಲ್ ಅನ್ನುವುದು, ಹರಿದರೂ ಬಹುತೇಕ ಬೆಲ್ಟ್ ಹಾಕಿಯೇ ಕೂಡಿಕೊಳ್ಳುತ್ತದೆ. ನಾನು ಮೂಲೆಯ ಕಂಬ. ಮಾಲು ಹೊತ್ತು ಲಾರಿ ಹತ್ತುವ ಎಪಿಎಂಸಿ ಹಮಾಲಣ್ಣಂದಿರು, ದೀಪಾವಳಿಗೆ ಹೋರಿಯ ಕೊರಳಿನ ಕೊಬ್ಬರಿ ಹರಿಯಲು ಓಡುವ ಹುಡುಗರು, ಗರಡಿಯ ಪೈಲ್ವಾನರು, ಇವರೆಲ್ಲ ಮೂಲೆಯ ಕಂಬಗಳೇ.

ಇಲ್ಲೊಂದು ತಕರಾರು ದಾಖಲಿಸಬೇಕು. ಈ ಗಾಯದ ಬಗ್ಗೆ ಎಲ್ಲಿ ಓದಿದರೂ ‘ಕ್ರೀಡಾಪಟುಗಳ ಗಾಯ’ ಅಂತಲೇ ಇರುತ್ತದೆ. ಅದರ ಚರಿತ್ರೆ ಹುಡುಕಿದರೆ ಬೇರೆಯೇ ಇದೆ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಮೇಯೊ ರಾಬ್ಸನ್ ಎಂಬ ಸರ್ಜನ್ ಮೊಣಕಾಲಿನೊಳಗಿನ ಹರಿದ ಲಿಗಮೆಂಟ್ ಹೊಲಿದರು. ಅಂಥ ಮೊದಲ ಆಪರೇಷನ್ ಅದು ಅನ್ನುತ್ತಾರೆ. ಅವರ ಮುಂದೆ ಮಲಗಿದ್ದವನು ಫುಟ್‌ಬಾಲ್ ಆಟಗಾರ ಅಲ್ಲ, 41 ವರ್ಷದ ಗಣಿ ಕಾರ್ಮಿಕ. ಆರು ವರ್ಷದ ಮೇಲೂ ಅವನ ಕಾಲು ಗಟ್ಟಿಯಾಗಿತ್ತು, ಕೆಲಸಕ್ಕೆ ಹೋಗುತ್ತಿದ್ದ ಅಂತ ಬರೆದಿಟ್ಟಿದ್ದಾರೆ. ಫೋನಿನಲ್ಲಿ ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಚಲೋ ಬಂತು.

ಈಗ ಹಾಗೆ ಹೊಲಿಯುವುದು ಕಡಿಮೆ. ಕೀಲಿನೊಳಗೆ ಸದಾ ಇರುವ ದ್ರವ ಹರಿದ ತುದಿಗಳ ಮೇಲೆ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಂತೆ, ಹಾಗಾಗಿ ಎಸಿಎಲ್ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಹಳೆಯದನ್ನು ಬಿಟ್ಟು ಹೊಸ ಹುರಿ ಹಾಕುತ್ತಾರೆ. ಹುರಿ ಎಲ್ಲಿಂದ? ನಮ್ಮದೇ ಕಾಲಿನಿಂದ. ತೊಡೆಯ ಹಿಂದಿನ, ಒಳಮಗ್ಗುಲ ಸ್ನಾಯುರಜ್ಜು ತೆಗೆಯುತ್ತಾರೆ, ಇಲ್ಲವೇ ಮೊಣಚಿಪ್ಪಿನ ಕೆಳಗಿನ ಪಟ್ಟಿ, ಇಲ್ಲವೇ ಚಿಪ್ಪಿನ ಮೇಲಿನದು. ನನ್ನದು ತೊಡೆಯದು.

ಆಪರೇಷನ್ನಿಗೆ ಮೊದಲು ಮೂರು ವಾರ ವ್ಯಾಯಾಮ ಮಾಡಿಸಿದರು. ಬಾವಿದ್ದಾಗ, ಕಾಲು ಪೂರ್ತಿ ನೆಟ್ಟಗಾಗದಿದ್ದಾಗ ಕತ್ತರಿ ಹಾಕಿದರೆ ಕೀಲು ಬಿಗಿದುಕೊಂಡುಬಿಡುತ್ತದೆ ಅಂದರು. ಹೊಸದಾಗಿ ಬಿದ್ದವರು ಇದನ್ನು ನೆನಪಿಡಿ. ಬಿದ್ದ ಮರುದಿನವೇ ಆಪರೇಷನ್ ಮಾಡಿಬಿಡಿ ಅಂತ ಡಾಕ್ಟರ ಜೀವ ತಿನ್ನಬೇಡಿ.

ಆ ದಿನ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಜೋಮು ಹಿಡಿಸಿದರು. ಎಚ್ಚರ ಇತ್ತು. ದುರ್ಬೀನ್ ಆಪರೇಷನ್, ಟಿವಿ ನನ್ನ ಕಡೆಗೂ ಕಾಣುತ್ತಿತ್ತು. ಮೊಣಕಾಲಿನೊಳಗೆ ನೀರು ಬಿಟ್ಟಿರುತ್ತಾರೆ, ಹೊಂಡದ ತಳ ನೋಡಿದಂತೆ. ಎಲುಬು ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಎಸಿಎಲ್ ಇರಬೇಕಾದ ಜಾಗದಲ್ಲಿ ಬಿಚ್ಚಿಹೋದ ದೀಪದ ಬತ್ತಿಯಂಥದು ತೇಲುತ್ತಿತ್ತು. ಗಾದಿಯ ಹರಿದ ಭಾಗ ಹೊಲಿಯಲು ಬರುವಂತಿರಲಿಲ್ಲ, ಕಡಿದು ತೆಗೆದರು. ‘ಮೊದಲ ಬಂದಿದ್ರ ಹೊಲಿಬಹುದಿತ್ತು’ ಅಂತ ಡಾಕ್ಟರು ಅಂದದ್ದು ಪರದೆಯ ಆಚೆಯಿಂದ ಕೇಳಿತು. ತೆಗೆದ ಗಾದಿ ಮತ್ತೆ ಬೆಳೆಯುವುದಿಲ್ಲ, ಮುಂದೆ ಕೀಲು ಸವೆಯುವುದು ಬೇಗ. ಆಮೇಲೆ ಎರಡೂ ಎಲುಬಿಗೆ ಡ್ರಿಲ್ ಹಿಡಿದು ರಂಧ್ರ ಕೊರೆದು, ನನ್ನದೇ ರಜ್ಜುವನ್ನು ಮಡಚಿ ಹೊಲಿದ ಹುರಿಯನ್ನು ಒಳಗೆ ಎಳೆದರು. ಮೇಲೆ ತೊಡೆಯ ಎಲುಬಿನ ಹೊರಗೆ ಸಣ್ಣ ಲೋಹದ ಗುಂಡಿ, ಕೆಳಗೆ ಸ್ಕ್ರೂ. ಸ್ಟೇ ಬಿಗಿಯುವ ಕೆಲಸ ಮಾಡಿದವನಿಗೆ ಅದು ಹೊಸದೇನೂ ಅನಿಸಲಿಲ್ಲ. ಎಳೆದು ಬಿಗಿಯುವಾಗ ಡಾಕ್ಟರ ಮುಖ ನಮ್ಮ ಸೀನಿಯರ್ ಕಾಕಾ ಸ್ಟೇ ಬಿಗಿಯುವ ಟರ್ನ್ ಬಕಲ್ ತಿರುಗಿಸುವಾಗ ಇರುತ್ತದಲ್ಲ, ಹಾಗೇ ಇತ್ತು.

ಮೂರನೆಯ ದಿನ ಮನೆಗೆ ಕಳಿಸಿದರು. ಕೈಯಲ್ಲಿ ಎರಡು ಊರುಗೋಲು, ಗುಳಿಗೆ ಚೀಟಿ, ಡಿಸ್ಚಾರ್ಜ್ ಕಾಗದ. ಕಾಗದ ಇಂಗ್ಲಿಷಿನಲ್ಲಿ. ಕೊನೆಯ ಸಾಲನ್ನು ನಮ್ಮ ಅಕ್ಕನ ಮಗಳು ಓದಿ ಹೇಳಿದಳು: ‘ಫಿಜಿಯೊಥೆರಪಿ ಮುಂದುವರಿಸಿ.’ ಅಷ್ಟೇ. ಎಲ್ಲಿ, ಎಷ್ಟು ದಿನ, ಯಾವ ತಿಂಗಳಿಗೆ ಏನು, ಒಂದಕ್ಷರ ಇಲ್ಲ. ಒಂದೂವರೆ ತಾಸಿನ ಕೆಲಸದ ವಿವರ ಎರಡು ಪುಟ, ಒಂಬತ್ತು ತಿಂಗಳ ಕೆಲಸಕ್ಕೆ ಒಂದು ಸಾಲು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಕೈಚಳಕಕ್ಕೆ ಅಲ್ಲಿ ಕೊರತೆ ಇರಲಿಲ್ಲ, ನನ್ನ ಹುರಿ ಇವತ್ತಿಗೂ ಗಟ್ಟಿ ಇದೆ. ಆದರೆ ನನ್ನ ದೂರು ಇರುವುದೇ ಆ ಒಂದು ಸಾಲಿನ ಮೇಲೆ.

ನಮ್ಮ ತಾಲ್ಲೂಕಿನಲ್ಲಿ ವಿಚಾರಿಸಿದರೆ ಸರಕಾರಿ ಆಸ್ಪತ್ರೆಯಲ್ಲಿ ಫಿಜಿಯೊಥೆರಪಿಸ್ಟ್ ಇಲ್ಲ. ಊರಿನಿಂದ ಹುಬ್ಬಳ್ಳಿಗೆ ಹೋಗಿಬಂದರೆ ಒಂದು ದಿನ ಪೂರಾ, ಊರುಗೋಲು ಹಿಡಿದು ಬಸ್ಸು ಹತ್ತುವುದು, ಜೊತೆಗೊಬ್ಬರು, ಅವರದೂ ಒಂದು ದಿನದ ಪಗಾರ. ಆಪರೇಷನ್ನಿಗೆ ಅಂತ ಸೊಸೈಟಿ ಸಾಲ ತೆಗೆದಿದ್ದೆ, ಸಾಲ ಆಪರೇಷನ್ನಿಗೇ ಮುಗಿದಿತ್ತು. ಒಟ್ಟು ಐದು ಸಲ ಹೋದೆ. ಅಲ್ಲಿದ್ದ ಫಿಜಿಯೊ ಮೇಡಂ ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಸಣ್ಣವರು, ನನ್ನ ಕಷ್ಟ ನೋಡಿ ಪ್ರತಿ ಸಲ ಒಂದು ತಿಂಗಳಿಗಾಗುವಷ್ಟು ಕಲಿಸಿ ಕಳಿಸಿದರು. ನನ್ನ ಕಾಲನ್ನು ಉಳಿಸಿದವರು ಯಾರು ಅಂತ ಕೇಳಿದರೆ ನಾನು ಮೊದಲು ಅವರ ಕಡೆ ಕೈ ತೋರಿಸುತ್ತೇನೆ.

ಮೊದಲನೆಯದು ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮೊಣಕಾಲನ್ನು ತನ್ನ ಭಾರಕ್ಕೆ ನೆಟ್ಟಗಾಗಲು ಬಿಡುವುದು. ಸರಳ ಅನಿಸುತ್ತದೆ, ಹತ್ತು ನಿಮಿಷಕ್ಕೆ ಕಣ್ಣಲ್ಲಿ ನೀರು ಬರುತ್ತದೆ. ಎಲ್ಲರೂ ಮಡಚುವ ಚಿಂತೆ ಮಾಡುತ್ತಾರೆ, ಮುಖ್ಯವಾದದ್ದು ನೆಟ್ಟಗಾಗುವುದು. ನೆಟ್ಟಗಾಗದ ಕಾಲು ಜನ್ಮಪೂರ್ತಿ ಕುಂಟು. ಎರಡನೆಯದು ತೊಡೆ ಬಿಗಿಯುವುದು. ಇದು ನಂಬಲಾಗದ ಸಂಗತಿ: ಆಪರೇಷನ್ ಆದ ಕಾಲಿನ ತೊಡೆಗೆ ‘ಬಿಗಿ’ ಅಂತ ಹೇಳಿದರೆ ಅದು ಕೇಳುವುದೇ ಇಲ್ಲ, ಫ್ಯೂಸ್ ಹೋದ ಮನೆಯ ಸ್ವಿಚ್ಚು ಒತ್ತಿದ ಹಾಗೆ. ಹನ್ನೊಂದನೆಯ ದಿನ ಚಿಪ್ಪಿನ ಮೇಲೆ ಸಣ್ಣಗೆ ಮಿಸುಕಿತು. ಮನೆಯವರನ್ನು ಕೂಗಿ ಕರೆದು ತೋರಿಸಿದೆ.

ನಮ್ಮ ಮನೆಯವರು ಜಂಪರು ಹೊಲಿಯುತ್ತಾರೆ. (ಕಂಬದ ಜಂಪರ್ ನನ್ನದು, ಹೆಣ್ಣುಮಕ್ಕಳ ಜಂಪರು ಅವರದು, ಮನೆಯಲ್ಲಿ ಇದೊಂದು ಹಳೆಯ ನಗೆ.) ಅವರ ಟೇಪು ತಗೊಂಡು ಮೊಣಚಿಪ್ಪಿನಿಂದ ಒಂದು ಗೇಣು ಮೇಲೆ ಎರಡೂ ತೊಡೆ ಅಳೆದರು. ಬಲ 47, ಎಡ 43. ನಾಲ್ಕು ಸೆಂಟಿಮೀಟರ್ ತೊಡೆ ಮಾಯ. ಕ್ಯಾಲೆಂಡರಿನಲ್ಲಿ ತಿಂಗಳ ಮೊದಲ ತಾರೀಖಿನ ಮನೆಯೊಳಗೆ ಬರೆದಿಟ್ಟರು. ಪ್ರತಿ ತಿಂಗಳು ಅದೇ ಟೇಪು, ಅದೇ ಗೇಣು. 43, 43, 44, ಆಮೇಲೆ ಎರಡು ತಿಂಗಳು 44ರಲ್ಲೇ. ನೋವಿನ ಮಾತು ಸುಳ್ಳು ಹೇಳುತ್ತದೆ, ಟೇಪು ಹೇಳುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ಜಾರಿ ಕೂರುವುದು, ಮೆಟ್ಟಿಲು ಹತ್ತಿಳಿಯುವುದು, ಪಾದಕ್ಕೆ ಜೋಳದ ಚೀಲ ಕಟ್ಟಿ ಎತ್ತುವುದು, ಒಂಟಿಗಾಲಲ್ಲಿ ನಿಂತು ಹಲ್ಲುಜ್ಜುವುದು. ಜಿಮ್ ಇಲ್ಲದ ಊರಿನ ಜಿಮ್ ಇದು.

ಈಗ ಈ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ಮೂರನೆಯ ಸಲ ಹೋದಾಗ ಮೇಡಂಗೆ ಹೇಳಿದೆ, ‘ಈಗ ನೋವೇ ಇಲ್ರಿ, ಕಂಬ ಹತ್ತಲೇನ್ರಿ?’ ಅವರು ಗಾಬರಿಯಾದರು. ಹಾಕಿದ ಹುರಿ ಮೊದಲ ದಿನ ಗಟ್ಟಿ ಇರುತ್ತದೆ. ಆಮೇಲೆ ಮೈ ಅದನ್ನು ತನ್ನದು ಮಾಡಿಕೊಳ್ಳುವಾಗ, ಹೊಸ ರಕ್ತನಾಳ ಒಳಗೆ ಬೆಳೆಯುವಾಗ, ಅದು ಮೆತ್ತಗಾಗುತ್ತದೆ. ಎರಡು–ಮೂರನೆಯ ತಿಂಗಳ ಸುಮಾರಿಗೆ ಅತಿ ದುರ್ಬಲ. ಮತ್ತೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ನೋವು ಹೋಗುವುದು ಯಾವಾಗ? ಸರಿಯಾಗಿ ಆ ಎರಡು–ಮೂರನೆಯ ತಿಂಗಳಿಗೇ. ಬಾವಿಲ್ಲ, ನೋವಿಲ್ಲ, ಊರುಗೋಲು ಅಟ್ಟ ಸೇರಿದೆ, ಊರವರು ‘ಆರಾಮ ಆತಲ್ಲೋ’ ಅನ್ನುತ್ತಾರೆ. ಸಿಮೆಂಟ್ ಮೇಲೆ ಒಣಗಿದಂತೆ ಕಾಣುತ್ತದೆ, ನೀರು ಹೊಡೆಯುವುದು ಇನ್ನೂ ಮುಗಿದಿಲ್ಲ. ಆಗಲೇ ಹುಡುಗರು ಅಂಕಣಕ್ಕೆ ಇಳಿಯುತ್ತಾರೆ.

ನಮ್ಮೂರಿನಲ್ಲೇ ಒಬ್ಬ ಇಳಿದ. ಇಪ್ಪತ್ತು ವರ್ಷ, ಡಿಗ್ರಿ ಓದುತ್ತಿದ್ದಾನೆ, ಕವರ್ ಆಡುತ್ತಾನೆ, ಚಲೋ ಹಿಡಿತ. ಎಸಿಎಲ್ ಹಾಕಿಸಿಕೊಂಡು ನಾಲ್ಕನೆಯ ತಿಂಗಳಿಗೆ ದಸರೆಯ ಪಂದ್ಯಕ್ಕೆ ಹೋದ. ‘ವಿನೇಶ ಫೋಗಟ್ ಆಡಲಿಲ್ಲೇನ್ ಕಾಕಾ’ ಅಂತ ನನ್ನ ಬಾಯಿ ಮುಚ್ಚಿಸಿದ. ಅವನಿಗೆ ಅಂದು ಕೊಡದ ಉತ್ತರ ಇಲ್ಲಿ ಬರೆಯುತ್ತೇನೆ. ಕುಸ್ತಿಪಟು ವಿನೇಶ ಅವರು 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಮೊಣಕಾಲು ಕೆಟ್ಟು ಸ್ಟ್ರೆಚರ್ ಮೇಲೆ ಹೊರಬಂದರು, ಎರಡು ವರ್ಷದ ಮೇಲೆ 2018ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. 2023ರ ಆಗಸ್ಟಿನಲ್ಲಿ ಮುಂಬೈಯಲ್ಲಿ ಎಸಿಎಲ್ ಆಪರೇಷನ್ ಆಯಿತು. ಆ ವರ್ಷದ ಏಷ್ಯನ್ ಗೇಮ್ಸ್ ಬಿಟ್ಟರು, ಕೈಯಲ್ಲಿದ್ದ ಚಿನ್ನ ಕಾಯ್ದುಕೊಳ್ಳುವ ಅವಕಾಶ ಬಿಟ್ಟರು. 2024ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ಫೈನಲ್ ಮುಟ್ಟಿದರು. ತೂಕ 100 ಗ್ರಾಂ ಹೆಚ್ಚಾಗಿ ಆ ಫೈನಲ್ ಆಡಲಾಗದ ಕಥೆ ಎಲ್ಲರಿಗೂ ಗೊತ್ತು, ಆದರೆ ಅದಕ್ಕೂ ಮೊದಲು ಅವರು ಬಿಟ್ಟುಕೊಟ್ಟ ಪದಕದ ಮಾತು ಯಾರೂ ಎತ್ತುವುದಿಲ್ಲ.

ನಾರ್ವೆಯವರು 2016ರಲ್ಲಿ ಪ್ರಕಟಿಸಿದ ಲೆಕ್ಕ ಒಂದಿದೆ. ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳ ತನಕ ಮುಂದೂಡಿದ ಒಂದೊಂದು ತಿಂಗಳಿಗೂ ಮೊಣಕಾಲು ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕಿಳಿಯುತ್ತ ಹೋಗಿತ್ತು. ಒಂದು ತಿಂಗಳು ತಾಳಿದರೆ ಅಪಾಯ ಅರ್ಧ, ಇನ್ನೊಂದು ತಾಳಿದರೆ ಅರ್ಧದ ಅರ್ಧ. ಜೊತೆಗೆ, ಗಾಯದ ಕಾಲಿನ ತೊಡೆಯ ಬಲ ಒಳ್ಳೆಯ ಕಾಲಿನ ಬಲಕ್ಕೆ ನೂರಕ್ಕೆ ತೊಂಬತ್ತಾದರೂ ಬಂದಿರಬೇಕು. ಇದಕ್ಕೆ ದೊಡ್ಡ ಮಷಿನ್ನುಗಳಿವೆಯಂತೆ. ನಾನು ಮಾಡಿದ್ದು ಊರ ಶಾಲೆಯ ಬಯಲಿನಲ್ಲಿ, ಬೂದಿಯಿಂದ ಗೆರೆ ಎಳೆದು, ಒಂಟಿಗಾಲಲ್ಲಿ ಎಷ್ಟು ದೂರ ಜಿಗಿಯುತ್ತೇನೆ ಅಂತ. ಮೇಡಂ ಹೇಳಿಕೊಟ್ಟದ್ದೇ ಇದು. ಬಲಗಾಲಲ್ಲಿ 140 ಸೆಂಟಿಮೀಟರ್, ಎಡಗಾಲಲ್ಲಿ ಏಳನೆಯ ತಿಂಗಳಿಗೆ 95, ಒಂಬತ್ತಕ್ಕೆ 118, ಹತ್ತಕ್ಕೆ 129. ಕುಂಟಲಿಪಿ ಆಡುವ ಗಡ್ಡದ ಮನುಷ್ಯನನ್ನು ನೋಡಿ ಹುಡುಗರು ಸಾಲಾಗಿ ಕೂತು ಚಪ್ಪಾಳೆ ಹೊಡೆದರು. ಹತ್ತು ತಿಂಗಳ ಮೇಲೆ ಕಂಬ ಹತ್ತಿದೆ. ಅಲ್ಲಿಯ ತನಕ ನೆಲದ ಮೇಲಿನ ಕೆಲಸ ಕೊಟ್ಟು ನಡೆಸಿಕೊಂಡ ನಮ್ಮ ಸೆಕ್ಷನ್ನಿನವರ ಋಣ ದೊಡ್ಡದು. ಎಲ್ಲರಿಗೂ ಅಂಥ ಸೆಕ್ಷನ್ ಸಿಗುವುದಿಲ್ಲ. ದಿನಗೂಲಿಯ ಹಮಾಲನಿಗೆ ಹತ್ತು ತಿಂಗಳು ‘ನೆಲದ ಮೇಲಿನ ಕೆಲಸ’ ಯಾರು ಕೊಡುತ್ತಾರೆ? ಅವನು ಮೂರನೆಯ ತಿಂಗಳಿಗೇ ಚೀಲ ಹೊರುತ್ತಾನೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಇರಬೇಕಾದವರ ಹತ್ತಿರ ಇರಲಿ.

ಕಬಡ್ಡಿ ಬಿಟ್ಟೆ. ಈಗ ಸ್ಕೋರು ಬರೆಯುತ್ತೇನೆ.

ಆರೋಗ್ಯ ಇಲಾಖೆಯವರು ಈ ಪತ್ರ ಓದಿದರೆ ನನ್ನ ಬೇಡಿಕೆ ಸಣ್ಣದು. ತಾಲ್ಲೂಕು ಆಸ್ಪತ್ರೆಗೆ ವಾರಕ್ಕೆ ಎರಡು ದಿನವಾದರೂ ಒಬ್ಬ ಫಿಜಿಯೊಥೆರಪಿಸ್ಟ್ ಬರಲಿ. ಮಷಿನ್ ಬೇಡ, ಒಂದು ಚಾಪೆ, ಒಂದು ಗೋಡೆ, ಒಂದು ಟೇಪು ಸಾಕು. ಆಪರೇಷನ್ ಮಾಡುವ ಡಾಕ್ಟರರಲ್ಲಿ ಕೇಳಿಕೊಳ್ಳುವುದು, ಡಿಸ್ಚಾರ್ಜ್ ಕಾಗದದ ಹಿಂಬದಿ ಖಾಲಿ ಇರುತ್ತದೆ, ಅಲ್ಲಿ ಕನ್ನಡದಲ್ಲಿ ಯಾವ ತಿಂಗಳಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ಬರೆಸಿ. ‘ಮೂರನೆಯ ತಿಂಗಳು: ನೋವಿರುವುದಿಲ್ಲ, ಆದರೂ ಆಡಬೇಡಿ’ ಎಂಬ ಒಂದು ಸಾಲು ದೊಡ್ಡ ಅಕ್ಷರದಲ್ಲಿ ಇರಲಿ. ಜಾತ್ರಾ ಕಮಿಟಿಯವರು ಡಿಜೆಗೆ ಕೊಡುವ ದುಡ್ಡಿನಲ್ಲಿ ಬರ್ಫದ ಡಬ್ಬಿ, ಕ್ರೇಪ್ ಪಟ್ಟಿ, ಒಂದು ಸ್ಟ್ರೆಚರ್ ಇಡಬಹುದು. ಮಧ್ಯಾಹ್ನ ಬಂದು ಮರದ ಕೆಳಗೆ ಮಲಗಿದ ಹುಡುಗರನ್ನು ರಾತ್ರಿ ಒಂದು ಗಂಟೆಗೆ ಎಬ್ಬಿಸಿ ನೇರ ಅಂಕಣಕ್ಕೆ ಇಳಿಸುವುದು ನಿಲ್ಲಲಿ. ಮೈ ಬೆಚ್ಚಗಾಗಲು ಹದಿನೈದು–ಇಪ್ಪತ್ತು ನಿಮಿಷ ಕೊಡಿ. ಫುಟ್‌ಬಾಲಿನವರು ಫಿಫಾ 11+ ಅಂತ 20 ನಿಮಿಷದ ವ್ಯಾಯಾಮವನ್ನು ಇದಕ್ಕೆಂದೇ ಮಾಡಿದ್ದಾರೆ. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲದಂತೆ ಇಳಿಯುವುದು ಅದರಲ್ಲಿ ಮುಖ್ಯ ಪಾಠ. ಹೈಸ್ಕೂಲಿನ ಪಿಟಿ ಮಾಸ್ತರರು ಇದನ್ನು ಕೊಕ್ಕೊ, ಕಬಡ್ಡಿ ಆಡುವ ಹೆಣ್ಣುಮಕ್ಕಳಿಗೆ ಮೊದಲು ಕಲಿಸಲಿ. ಒಂದೇ ಆಟ ಆಡಿದರೂ ಹುಡುಗಿಯರಿಗೆ ಈ ಲಿಗಮೆಂಟ್ ಹರಿಯುವ ಸಂಭವ ಹುಡುಗರಿಗಿಂತ ಹೆಚ್ಚು, ಅವರ ಕುಂಟು ಮನೆಯವರ ಕಣ್ಣಿಗೆ ಬೀಳುವುದು ಮಾತ್ರ ತಡ. ನಮ್ಮ ಅಕ್ಕನ ಮಗಳೇ ಜಿಲ್ಲಾ ಮಟ್ಟಕ್ಕೆ ಕೊಕ್ಕೊ ಆಡುತ್ತಾಳೆ, ನಮ್ಮ ಅಂಗಳದಲ್ಲಿ ಅವಳನ್ನು ಮೆಟ್ಟಿಲಿನಿಂದ ಜಿಗಿಸಿ ಮೊಣಕಾಲು ನೋಡುತ್ತೇನೆ. ಬೈದುಕೊಂಡೇ ಜಿಗಿಯುತ್ತಾಳೆ.

ನಾಲ್ಕನೆಯ ತಿಂಗಳಿಗೆ ಆಡಿದ ಆ ಹುಡುಗನ ಹುರಿ ಹರಿಯಿತು. ಯುಗಾದಿ ಕಳೆದು ಎರಡನೆಯ ಆಪರೇಷನ್, ಈ ಸಲ ಚಿಪ್ಪಿನ ಕೆಳಗಿನ ಪಟ್ಟಿಯಿಂದ ತೆಗೆಯುತ್ತಾರಂತೆ. ಹೋದ ಭಾನುವಾರ ಅವರಪ್ಪ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಮ್ಮ ಮನೆಗೆ ಬಂದ. ಹುಡುಗ ಮಾತಾಡಲಿಲ್ಲ, ವಿನೇಶ ಅವರ ಹೆಸರೂ ಎತ್ತಲಿಲ್ಲ. ನಮ್ಮ ಮನೆಯವರು ಟೇಪು ತಂದರು. ಬಲ 49, ಎಡ 44. ಅವನ ಹೆಸರಿನಲ್ಲಿ ಕ್ಯಾಲೆಂಡರಿನ ಇನ್ನೊಂದು ಮೂಲೆಯಲ್ಲಿ ಬರೆದುಕೊಂಡರು. ಹಿಮ್ಮಡಿ ಕೆಳಗೆ ಟವೆಲ್ ಇಟ್ಟೆವು. ಮೊಣಕಾಲಿನ ಹಿಂದೆ ಇನ್ನೂ ನನ್ನ ಎರಡು ಬೆರಳು ತೂರುವಷ್ಟು ಸಂದಿ ಇದೆ. ಆಪರೇಷನ್ನಿಗೆ ಮೊದಲು ಅದು ಮುಚ್ಚಬೇಕು. ದಿನಾ ಸಂಜೆ ಬಾ ಅಂದಿದ್ದೇನೆ, ಎರಡು ದಿನ ಬಂದಿದ್ದಾನೆ.

ಹೆಸರು ಪ್ರಕಟಿಸಬೇಡಿ. ಸೆಕ್ಷನ್ನಿನಲ್ಲಿ ‘ಕುಂಟಲಿಪಿ ಲೈನ್‌ಮನ್’ ಅಂತ ಕರೆಯಲು ಕಾಯುತ್ತಿದ್ದಾರೆ.

ಇಂತಿ,
ಒಬ್ಬ ಲೈನ್‌ಮನ್
ಹಾವೇರಿ ಜಿಲ್ಲೆ